ಅಕ್ಕನ ಹೆಸರು

ಲುಪಾನಿ
9 ಅಕ್ಟೋಬರ್ 2011

ಮಿರೇಲಾ,

ಕ್ಷೇಮವಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಇಲ್ಲ ಎಂದು ಬರೆದರೆ ನಿನ್ನ ಪ್ರಾರ್ಥನೆಗೊಂದು ನೆಪ ಸಿಗುತ್ತದೆ. ಅದಕ್ಕೇ ಆ ಮಾತು ಬಿಡುತ್ತೇನೆ.

ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದವಳು ಈಗ ಅರ್ಧ ಹಾಳೆ ಬರೆದಿದ್ದೀಯ. ಅದರಲ್ಲೂ ಮುಕ್ಕಾಲು ಭಾಗ ದೇವರಿಗೆ, ಉಳಿದದ್ದು ನನಗೆ. ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸದಲ್ಲಿ ನಿನಗೆ ಸನ್ಯಾಸ ದೀಕ್ಷೆಯಂತೆ. ಆದರೆ ಹೆತ್ತವಳು ಮನಸಾರೆ ಒಪ್ಪದೆ ಯಾವ ಹುಡುಗಿಯ ಕೂದಲಿಗೂ ಕತ್ತರಿ ತಾಗಿಸುವುದಕ್ಕೆ ನಿಮ್ಮ ಮಠದ ಹಿರಿಯಮ್ಮ ಪೆಲಾಗಿಯಾ ಬಿಡುವುದಿಲ್ಲವಂತೆ. ಅಂದರೆ ನಿನಗೆ ಅಮ್ಮ ಬೇಕಾಗಿಲ್ಲ, ಅಮ್ಮನ ಅಪ್ಪಣೆ ಬೇಕು. ನಿಮ್ಮಪ್ಪ ದುಡಿಯಲೆಂದು ಇಟಲಿಗೆ ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದಾಗ ಅದನ್ನೂ ಕೇಳಿರಲಿಲ್ಲ. ಆ ಮಟ್ಟಿಗೆ ನೀನು ವಾಸಿ.

ನನ್ನ ಮೊದಲ ಉತ್ತರವನ್ನು ಹರಿದು ಹಾಕಿದೆ. ಅದರಲ್ಲಿ ಹೋದ ಸಲ ನಿಮ್ಮ ಮಠದ ಗೇಟಿನಲ್ಲಿ ನಿಂತು ನಾನು ಕೂಗಾಡಿದ್ದೆಲ್ಲ ಮತ್ತೆ ಇತ್ತು. ಪಕ್ಕದ ಮನೆಯ ಅಗ್ಲಾಯಾ ಬಂದು ಹೇಳಿದಳು, "ಡಾಕ್ಟರಮ್ಮ, ನೀವು ಬೈದಷ್ಟೂ ಅವಳು ಬಾಗಿಲು ಹಾಕ್ಕೋತಾಳೆ. ಒಂದ್ಸಲ ಸುಮ್ನೆ ಕೇಳಿ ನೋಡಿ." ಹೆಂಗಸು ಓದಿದ್ದು ಕಡಿಮೆ, ಬಾಯಿ ಜಾಸ್ತಿ. ಆದರೂ ಅವಳ ಮಾತು ಎರಡು ದಿನ ನನ್ನ ಬೆನ್ನು ಬಿಡಲಿಲ್ಲ.

ಕೇಳುವುದು ನನಗೆ ಹೊಸದಲ್ಲ ನೋಡು. ಹಲ್ಲಿನ ಡಾಕ್ಟರು ದಿನವಿಡೀ ಪ್ರಶ್ನೆ ಕೇಳುತ್ತಲೇ ಇರುತ್ತಾಳೆ, ಆದರೆ ಎದುರಿನವರ ಬಾಯಲ್ಲಿ ಅವಳ ಕೈ ಇರುತ್ತದೆ. ಈ ಸಲ ಕೈ ಹೊರಗೆ ತೆಗೆದು ಕೇಳುತ್ತೇನೆ. ಒಂದು ಕಾಗದಕ್ಕೆ ಒಂದೇ ಪ್ರಶ್ನೆ. ನನ್ನನ್ನು ಒಪ್ಪಿಸುವುದಕ್ಕೆ ಹೋಗಬೇಡ, ತಿಳಿಸು, ಸಾಕು. ನಾನೂ ನಿನ್ನನ್ನು ವಾಪಸು ಎಳೆಯುವುದಕ್ಕೆ ನೋಡುವುದಿಲ್ಲ. ನೋಡಿದೆ ಎಂದು ನಿನಗೆ ಅನಿಸಿದರೆ ಮುಖಕ್ಕೆ ಹೊಡೆದ ಹಾಗೆ ಹೇಳು.

ನನ್ನ ಪ್ರಶ್ನೆ: ಈ ರೊಮೇನಿಯಾದಲ್ಲಿ ಸರ್ವಾಧಿಕಾರದ ಕಾಲದಲ್ಲಿ ನಾವು ಬಗ್ಗಿ ಬಗ್ಗಿ ಬೆನ್ನು ಮುರಿದುಕೊಂಡವರು. ನಿನ್ನ ಕಾಲಕ್ಕೆ ಬಗ್ಗಿಸುವವರು ಯಾರೂ ಉಳಿದಿರಲಿಲ್ಲ. ಔಷಧದಂಗಡಿಯಲ್ಲಿ ಒಳ್ಳೆಯ ಕೆಲಸವಿತ್ತು, ಇರಲು ಮನೆಯಿತ್ತು. ಹಾಗಿರುವಾಗ ನೀನಾಗಿಯೇ ಹುಡುಕಿಕೊಂಡು ಹೋಗಿ ಬಗ್ಗಿದ್ದು ಯಾಕೆ?

ನಿನ್ನ ಅಮ್ಮ

*

ಪಿಯಾತ್ರಾ ಮಠ
2 ನವೆಂಬರ್ 2011

ಅಮ್ಮಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಬೈಗುಳಕ್ಕೆ ಸಿದ್ಧಳಾಗಿದ್ದೆ, ಪ್ರಶ್ನೆಗೆ ಸಿದ್ಧಳಾಗಿರಲಿಲ್ಲ. ನಮ್ಮ ಕಾಗದಗಳನ್ನು ಹಿರಿಯಮ್ಮ ಓದುವುದಿಲ್ಲ. ಓದುತ್ತಾರೆ ಎಂದು ನೀನು ಅಂದುಕೊಂಡಿರುತ್ತೀಯ, ಅದಕ್ಕೇ ಹೇಳಿದೆ.

ಉತ್ತರ ಸರಿಯಾಗಿ ಬರುತ್ತದೋ ಇಲ್ಲವೋ. ಅಂಗಡಿಯಲ್ಲಿದ್ದಾಗ ಬೆಳಗಿನಿಂದ ಸಂಜೆಯವರೆಗೆ ಎಲ್ಲವನ್ನೂ ನಾನೇ ಆರಿಸುತ್ತಿದ್ದೆ. ಏನು ತಿನ್ನಬೇಕು, ಯಾರ ಜೊತೆ ಸುತ್ತಬೇಕು, ಯಾರನ್ನು ಬಿಡಬೇಕು. ರಾತ್ರಿ ಮಲಗುವಾಗ ನನಗೆ ನಾನೇ ಸಾಕಾಗಿರುತ್ತಿದ್ದೆ. ಇಲ್ಲಿ ಬಂದ ಹೊಸದರಲ್ಲಿ ನನ್ನನ್ನು ಮಗ್ಗಕ್ಕೆ ಹಾಕಿದರು. ಕಂಬಳಿಯ ಅಂಚು ಚೆನ್ನಾಗಿ ಕೂಡಿ ಬರುತ್ತಿದ್ದ ಹೊತ್ತಿಗೇ ಎಬ್ಬಿಸಿ, "ಹೋಗು, ಬೀಟ್‌ರೂಟ್ ಬೇಯಿಸಿದ ಹಂಡೆ ತಿಕ್ಕು" ಅನ್ನುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು. ನಿನ್ನ ಮಗಳಲ್ಲವೇ. ಒಂದು ದಿನ ಎಬ್ಬಿಸಿದಾಗ ಉರಿಯಲಿಲ್ಲ. ಎದ್ದೆ, ತಿಕ್ಕಿದೆ, ಬಂದು ಕೂತೆ. ಒಳಗಿನ ಗದ್ದಲ ನಿಂತಿತ್ತು. ನೀನು ಬಗ್ಗುವುದು ಅನ್ನುತ್ತೀಯ, ನನಗೆ ಅದು ಹೊರೆ ಇಳಿಸಿಟ್ಟ ಹಾಗೆ.

ಇನ್ನೊಂದು ಮಾತು ನಿನಗೆ ಗೊತ್ತಿರಲಿ. ದೀಕ್ಷೆಯ ದಿನ ಗುರುಗಳು ಕತ್ತರಿಯನ್ನು ನೆಲಕ್ಕೆ ಬಿಡುತ್ತಾರೆ. ನಾನೇ ಎತ್ತಿ ಅವರ ಕೈಗೆ ಕೊಡಬೇಕು. ಮತ್ತೆ ಬಿಡುತ್ತಾರೆ, ಮತ್ತೆ ಕೊಡಬೇಕು. ಹೀಗೆ ಮೂರು ಸಲ. ಯಾರೂ ನನ್ನನ್ನು ಎಳೆದುಕೊಂಡು ಬಂದಿಲ್ಲ ಎಂದು ಎಲ್ಲರೂ ಕಣ್ಣಾರೆ ನೋಡಬೇಕಲ್ಲ. ಎತ್ತದೆ ಎದ್ದು ಹೋದರೆ ಅಂದೇ ಬಾಗಿಲು ತೆರೆದಿರುತ್ತದೆ.

ಈಗ ನನ್ನ ಪ್ರಶ್ನೆ. ಯಾರು ಏನು ಕೊಟ್ಟರೂ ನೀನು ಬಿಟ್ಟುಕೊಡದ್ದು ಯಾವುದು? "ನೀನೇ ಕಣೇ" ಎಂದು ಮಾತ್ರ ಬರೆಯಬೇಡ.

ಪ್ರೀತಿಯಿಂದ,
ಮಿರೇಲಾ

*

ಲುಪಾನಿ
27 ನವೆಂಬರ್ 2011

ಮಿರೇಲಾ,

ಗದ್ದಲ ನಿಂತಿತು ಎಂದು ಬರೆದಿದ್ದೀಯಲ್ಲ, ಓದಿ ಹೊಟ್ಟೆ ಉರಿಯಿತು. ನನಗೆ ಐವತ್ತನಾಲ್ಕು ದಾಟುತ್ತಿದೆ, ನನ್ನದಿನ್ನೂ ನಿಂತಿಲ್ಲ. ಹಂಡೆ ತಿಕ್ಕಿದರೆ ನಿಲ್ಲುತ್ತದೆ ಎನ್ನುವುದಾದರೆ ನಮ್ಮ ಮನೆಯಲ್ಲಿ ಹಂಡೆಗೇನೂ ಬರವಿರಲಿಲ್ಲ. ಇರಲಿ. ಕತ್ತರಿಯ ವಿಷಯ ಗೊತ್ತಿರಲಿಲ್ಲ. ಅದನ್ನು ಎರಡು ಸಲ ಓದಿದೆ.

ನಿನ್ನ ಪ್ರಶ್ನೆಗೆ ಉತ್ತರ ನಿನ್ನ ದೊಡ್ಡಮ್ಮ. ನನ್ನ ಅಕ್ಕ ಮಿನೊದೋರಾ. ಅವಳು ಹೊಟ್ಟೆನೋವಿನಿಂದ ಸತ್ತಳು ಎಂದು ನಿನಗೆ ಹೇಳಿಕೊಂಡು ಬಂದಿದ್ದೇವೆ, ಅದು ಪೂರ್ತಿ ನಿಜವಲ್ಲ. ಆಗಿನ ಕಾನೂನು ನಿನಗೆ ಗೊತ್ತು. ಹೆಂಗಸರು ದೇಶಕ್ಕೆ ಮಕ್ಕಳನ್ನು ಹೆತ್ತು ಕೊಡಬೇಕು, ಗರ್ಭ ತೆಗೆಸಿದವಳಿಗೂ ತೆಗೆದವಳಿಗೂ ಜೈಲು. ಅಕ್ಕ ಬೇರೆ ಊರಿನಲ್ಲಿ ನೂಲಿನ ಗಿರಣಿಯಲ್ಲಿದ್ದಳು, ಮದುವೆಯಾಗಿರಲಿಲ್ಲ. ಅವಳ ಬೀದಿಯಲ್ಲಿದ್ದ ಒಬ್ಬ ಸೂಲಗಿತ್ತಿ ಸಹಾಯ ಮಾಡಿದಳು. ಕೆಟ್ಟವಳಲ್ಲ, ಕೈಯಲ್ಲಿ ಸರಿಯಾದ ಸಲಕರಣೆ ಇರಲಿಲ್ಲ ಅಷ್ಟೇ. ನಂಜೇರಿತು. ಆಸ್ಪತ್ರೆಗೆ ಒಯ್ದರು.

ಅಲ್ಲಿ ಡಾಕ್ಟರಿಗಿಂತ ಮುಂಚೆ ಸರ್ಕಾರಿ ವಕೀಲ ಬಂದ. ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತ. "ಮಾಡಿದವಳ ಹೆಸರು ಹೇಳು, ಆಮೇಲೆ ಔಷಧಿ." ನಾನು ಬಾಗಿಲ ಹೊರಗಿದ್ದೆ, ಎಲ್ಲ ಕೇಳಿಸುತ್ತಿತ್ತು. ಒಳಗೆ ಹೋಗಲು ಬಿಡಲಿಲ್ಲ. ಅಕ್ಕ ನೀರು ಕೇಳಿದಳು, ಹೆಸರು ಹೇಳಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಹೋದಳು. ಆ ಸೂಲಗಿತ್ತಿಗೆ ಮೂರು ಮಕ್ಕಳಿದ್ದವು. ಅಂತ್ಯಕ್ರಿಯೆಗೆ ರೊಟ್ಟಿ ಹೊತ್ತು ತಂದಿದ್ದಳು, ಯಾರ ಮುಖವನ್ನೂ ನೋಡಲಿಲ್ಲ.

ಅಕ್ಕ ಮಾಡಿದ್ದು ಸರಿಯೋ ಮೂರ್ಖತನವೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೇಳಿಬಿಡೇ ಎಂದು ಬಾಗಿಲ ಹೊರಗೆ ನಿಂತು ಮನಸ್ಸಿನಲ್ಲೇ ಬೇಡಿಕೊಂಡಿದ್ದೆ. ಆದರೆ ಒಂದು ಗೊತ್ತು. ಮನುಷ್ಯರ ಬಾಯಿ ಅವರವರದು. ಅದನ್ನು ಇನ್ನೊಬ್ಬರು ಒತ್ತಿ ತೆರೆಸಬಾರದು. ಸರ್ಕಾರ, ಗಂಡ, ಪಾದ್ರಿ, ಯಾರೂ. ನಾನು ಬಿಟ್ಟುಕೊಡದ್ದು ಅದೊಂದೇ. ಪಾಪನಿವೇದನೆ ಎಂದು ನೀನು ಪಾದ್ರಿಯ ಮುಂದೆ ಮಂಡಿಯೂರಿ ಬಾಯಿ ಬಿಡುವಾಗ ನನಗೆ ಆ ಕುರ್ಚಿಯೇ ಕಾಣುತ್ತದೆ. ಈಗಲಾದರೂ ತಿಳಿಯಿತೇ ಆ ದಿನ ಗೇಟಿನಲ್ಲಿ ನಾನು ಯಾಕೆ ಕೂಗಿದೆ ಎಂದು?

ಆ ವಕೀಲ ಹರಿತೋನ್ ನಿವೃತ್ತನಾಗಿ ಈಗ ನಮ್ಮೂರಿನಲ್ಲೇ ಇದ್ದಾನೆ. ನನ್ನ ಹತ್ತಿರವೇ ಹಲ್ಲು ತೋರಿಸಿಕೊಳ್ಳುತ್ತಾನೆ. ನಾನು ಯಾರೆಂದು ಅವನಿಗೆ ಗೊತ್ತಿಲ್ಲ.

ನನ್ನ ಪ್ರಶ್ನೆ: ಆ ದಿನ ಮಂಚದ ಪಕ್ಕ ನೀನಿದ್ದಿದ್ದರೆ ಅಕ್ಕನಿಗೆ ಏನು ಹೇಳುತ್ತಿದ್ದೆ? ನಿಜ ಹೇಳು.

ಅಮ್ಮ

*

ಪಿಯಾತ್ರಾ ಮಠ
20 ಡಿಸೆಂಬರ್ 2011

ಅಮ್ಮಾ,

ಓದಿ ಅತ್ತುಬಿಟ್ಟೆ. ತುಂಬಾ ಅತ್ತೆ. ಇಷ್ಟು ವರ್ಷ ಇದನ್ನು ಒಬ್ಬಳೇ ನುಂಗಿಕೊಂಡಿದ್ದೀಯಲ್ಲ.

ನಿಜ ಹೇಳು ಅಂದಿದ್ದೀಯ. ಮಂಚದ ಪಕ್ಕ ಇದ್ದಿದ್ದರೆ ಕೈ ಹಿಡಿದುಕೊಂಡು "ಹೆಸರು ಹೇಳ್ಬೇಡ ದೊಡ್ಡಮ್ಮ" ಅನ್ನುತ್ತಿದ್ದೆ. ಇನ್ನೊಬ್ಬಳ ಮಕ್ಕಳಿಗಾಗಿ ತನ್ನ ಜೀವ ಕೊಟ್ಟಳು. ನಮ್ಮ ಗೋಡೆಯ ಮೇಲಿರುವ ಸಂತರಲ್ಲಿ ಎಷ್ಟೋ ಜನ ಇದಕ್ಕಿಂತ ಹೆಚ್ಚಿನದೇನನ್ನೂ ಮಾಡಿಲ್ಲ. ಆದರೆ ಒಂದು ವಾರ ಮುಂಚೆ ಅವಳ ಜೊತೆ ಇದ್ದಿದ್ದರೆ, ಮಗುವನ್ನು ಉಳಿಸಿಕೋ ಎಂದು ಬೇಡಿಕೊಳ್ಳುತ್ತಿದ್ದೆ. ಇದು ನಿನಗೆ ನೋವಾಗುತ್ತದೆ. ಬರೆಯದೆ ಬಿಟ್ಟರೆ ನಮ್ಮ ಕರಾರು ಮುರಿದ ಹಾಗಾಗುತ್ತದೆ.

ಇನ್ನೂ ಒಂದನ್ನು ಮುಚ್ಚಿಡಲಾರೆ. ದೊಡ್ಡಮ್ಮನ ಕಥೆಯನ್ನು ಪಾಪನಿವೇದನೆಯ ಗುರುಗಳಿಗೆ ಹೇಳಿದೆ. ಅವಳ ಪರವಾಗಿ ಕ್ಷಮೆ ಬೇಡಿ ನಲವತ್ತು ದಿನ, ದಿನಕ್ಕೆ ನೂರರಂತೆ ಸಾಷ್ಟಾಂಗ ಹಾಕು ಅಂದರು. ಹಾಕುತ್ತಿದ್ದೇನೆ. ಮಂಡಿ ಊದಿಕೊಂಡಿದೆ. ಪ್ರತಿ ಸಲ ಹಣೆ ನೆಲಕ್ಕೆ ತಾಗುವಾಗ, ನಾನು ನೋಡದ ಆ ಹೆಂಗಸು ನನ್ನ ಹತ್ತಿರ ಬರುತ್ತಿದ್ದಾಳೆ ಅನಿಸುತ್ತದೆ.

ನನ್ನ ಪ್ರಶ್ನೆ: ಇಷ್ಟು ವರ್ಷದಿಂದ ಆ ಹರಿತೋನ್ ನಿನ್ನ ಕುರ್ಚಿಯಲ್ಲಿ ಕೂರುತ್ತಿದ್ದಾನೆ. ನೀನು ಯಾಕೆ ಹಾಗೆ ಮಾಡಿದೆ ಎಂದು ಅವನನ್ನು ಒಂದು ಸಲವಾದರೂ ಕೇಳಿದ್ದೀಯಾ?

ನಿನ್ನ
ಮಿರೇಲಾ

*

ಲುಪಾನಿ
15 ಜನವರಿ 2012

ಮಿರೇಲಾ,

ನಿನ್ನ ಕಾಗದ ಬಂದ ದಿನ ಲೇಖನಿ ಮುಟ್ಟಲಿಲ್ಲ. ಮುಟ್ಟಿದ್ದರೆ ನಮ್ಮ ಕರಾರು ಅಂದೇ ಮುಗಿಯುತ್ತಿತ್ತು. ಹಬ್ಬದ ರೊಟ್ಟಿಗೆ ಹಿಟ್ಟು ನಾದಲು ಕೂತವಳು ಅದನ್ನು ಎಷ್ಟು ಗುದ್ದಿದೆನೆಂದರೆ ಅಗ್ಲಾಯಾ ಗೋಡೆಯಾಚೆಯಿಂದ "ಯಾರನ್ನ ಹೊಡೀತಿದ್ದೀರಿ ಡಾಕ್ಟರಮ್ಮ?" ಎಂದು ಕೇಳಿದಳು.

ಕ್ಷಮೆ ಬೇಡುತ್ತಿದ್ದೀಯಾ? ಅಕ್ಕನ ಪರವಾಗಿ? ಯಾರ ಹತ್ತಿರ? ಒದೆ ತಿಂದವಳ ಪರವಾಗಿ ಒದ್ದವರ ಮನೆ ಬಾಗಿಲಲ್ಲಿ ಅಡ್ಡ ಬೀಳುವ ನ್ಯಾಯ ಯಾವುದು? ಅವಳನ್ನು ನೀನು ಒಂದು ಸಾಲಿನಲ್ಲಿ ಸಂತರ ಪಕ್ಕ ಕೂರಿಸಿದೆ, ಮುಂದಿನ ಸಾಲಿನಲ್ಲಿ ಪಾಪಿ ಮಾಡಿದೆ. ಎರಡೂ ಅವಳಿಗೆ ಬೇಕಿರಲಿಲ್ಲ. ಅವಳಿಗೆ ನೀರು ಬೇಕಿತ್ತು.

ಇಷ್ಟು ಬರೆದ ಮೇಲೆ ಎದ್ದು ಅಂಗಳದಲ್ಲಿ ಹಿಮ ಗೋರಿ ಹಾಕಿ ಬಂದೆ. ನಿಜ ಹೇಳು ಎಂದು ಕೇಳಿದವಳು ನಾನೇ. ನೀನು ಹೇಳಿದ್ದೀಯ. ಬೆಣ್ಣೆ ಹಚ್ಚಿದ ಸುಳ್ಳು ಬರೆಯಬಹುದಿತ್ತು, ಬರೆಯಲಿಲ್ಲ. ಅದಕ್ಕೆ ನಿನ್ನ ಮೇಲೆ ಮರ್ಯಾದೆ ಬಂದಿದೆ. ಸಿಟ್ಟೂ ಹಾಗೇ ಇದೆ.

ನಿನ್ನ ಪ್ರಶ್ನೆಗೆ: ಕೇಳಿರಲಿಲ್ಲ. ಹೋದ ಮಂಗಳವಾರ ಕೇಳಿದೆ. ದವಡೆ ಹಲ್ಲು ಅರ್ಧ ಕೊರೆದಿತ್ತು. ಕೈ ತೆಗೆದು, ಮುಖದ ಬಟ್ಟೆ ಇಳಿಸಿ ಕೇಳಿದೆ, "ಹರಿತೋನ್ ಅವರೇ, ಎಂಬತ್ಮೂರರಲ್ಲಿ ಆ ನೂಲಿನ ಗಿರಣಿ ಹುಡುಗಿ ಪಕ್ಕ ಕೂತಿದ್ರಲ್ಲ, ನಿಮ್ಮ ಮನಸ್ಸಲ್ಲಿ ಆಗ ಏನಿತ್ತು?"

ಅವನು ಬೆಚ್ಚಲಿಲ್ಲ. "ಕಾನೂನಿತ್ತು ಡಾಕ್ಟರಮ್ಮ. ನಾನು ಬಿಟ್ಟಿದ್ರೆ ನನ್ನ ಜಾಗದಲ್ಲಿ ಇನ್ನೊಬ್ಬ ಕೂರ್ತಿದ್ದ. ಒಂದು ಹೆಸರು ಹೇಳಿದ್ರೆ ಬದುಕ್ತಿದ್ಲು. ಹಠಮಾರಿ."

"ಅವಳ ಹೆಸರು ನೆನಪಿದೆಯಾ?"

"ಮಿನೊದೋರಾ. ಮರೆಯೋ ಹೆಸರಾ ಅದು? ಪ್ರತಿ ವರ್ಷ ಸತ್ತವರ ಶನಿವಾರ ಪಾದ್ರಿ ಹತ್ರ ಅವಳ ಹೆಸರು ಓದಿಸ್ತೀನಿ. ಮೇಣದ ಬತ್ತಿ ಹಚ್ತೀನಿ. ನನ್ನ ಕೈಲಾದ್ದು ಮಾಡ್ತಿದ್ದೀನಿ."

"ಅವಳು ನನ್ನ ಅಕ್ಕ" ಅಂದೆ.

ಬಾಯಿ ಮುಕ್ಕಳಿಸಿ ಉಗುಳಿದ. ಆಮೇಲೆ ಏನು ಕೇಳಿದ ಗೊತ್ತೇ? "ಹಾಗಾದ್ರೆ ಈ ಹಲ್ಲು ಇನ್ನು ಯಾರ ಹತ್ರ ತೋರಿಸ್ಲಿ?"

ಹಲ್ಲು ಮುಗಿಸಿ ಕಳಿಸಿದೆ. ಅರ್ಧ ಕೊರೆದು ಬಿಡುವುದು ನನ್ನ ಕೈಗೆ ಬರುವುದಿಲ್ಲ. ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ಸಮಾಧಾನವೇನೂ ಆಗಲಿಲ್ಲ. ರಾಕ್ಷಸ ಎಂದುಕೊಂಡಿದ್ದವನು ಬರೀ ಮನುಷ್ಯ ಎಂದು ತಿಳಿದು ನನಗೇನು ಸಿಕ್ಕಿತು ಹೇಳು. ದ್ವೇಷಿಸುವುದೂ ಮುಂಚಿನಷ್ಟು ಸಲೀಸಲ್ಲ ಈಗ.

ನನ್ನ ಪ್ರಶ್ನೆ: ಅವನ ಮೇಣದ ಬತ್ತಿಯನ್ನೂ ನಿನ್ನ ಊದಿದ ಮಂಡಿಯನ್ನೂ ನಿನ್ನ ದೇವರು ಒಂದೇ ತಕ್ಕಡಿಯಲ್ಲಿ ತೂಗುತ್ತಾನೆಯೇ?

ಅಮ್ಮ

*

ಪಿಯಾತ್ರಾ ಮಠ
8 ಫೆಬ್ರವರಿ 2012

ಅಮ್ಮಾ,

ಹೌದು, ತೂಗುತ್ತಾನೆ ಎಂದೇ ನಮ್ಮ ನಂಬಿಕೆ. ಕ್ಷಮೆ ಕೇಳಿದವನನ್ನು ಅವನು ತಳ್ಳುವುದಿಲ್ಲ. ಇದನ್ನು ಹೇಳುವುದು ಸುಲಭ, ಹರಿತೋನ್‌ನ ಮುಖ ನೆನೆಸಿಕೊಂಡು ಹೇಳುವುದು ಕಷ್ಟ. ನಿನ್ನ ಕಾಗದ ಓದಿದ ಮೇಲೆ ಎರಡು ದಿನ ಸಾಷ್ಟಾಂಗ ಹಾಕಲಾಗಲಿಲ್ಲ. ಹಣೆ ನೆಲಕ್ಕೆ ಹೋಗಲೇ ಇಲ್ಲ. ಇಲ್ಲಿಗೆ ಬಂದ ಮೇಲೆ ಮೊದಲ ಸಲ ಗಂಟು ಕಟ್ಟಿ ಹೊರಡೋಣ ಅನಿಸಿತು. ನಿನಗೆ ಇದು ಸಿಹಿ ಸುದ್ದಿಯೋ ಏನೋ.

ಹಿರಿಯಮ್ಮನ ಹತ್ತಿರ ಹೋಗಿ ಎಲ್ಲ ಹೇಳಿದೆ. ಸೂಪಿಗೆ ಹುರುಳಿಕಾಯಿ ಮುರಿಯುತ್ತಾ ಕೇಳಿಸಿಕೊಂಡರು. "ನಿಮ್ಮಮ್ಮ ನಮ್ಮೆಲ್ಲರಿಗಿಂತ ಚೆನ್ನಾಗಿ ಕೇಳ್ತಾಳೆ ಕಣೇ. ದೀಕ್ಷೆಗೆ ಬರೋದಾದ್ರೆ ಮುಂದಿನ ಸಾಲಲ್ಲೇ ನಿಲ್ಲಿಸು" ಅಂದರು. ಸಾಷ್ಟಾಂಗದ ಬಗ್ಗೆ ಕೇಳಿದ್ದಕ್ಕೆ, "ಪಾಪ ಗೀಪ ಅಳೆಯೋ ಕೆಲ್ಸ ನಿಂದಲ್ಲ. ಸುಮ್ನೆ ಅವಳಿಗಾಗಿ ಹಾಕು" ಅಂದರು. ಹಾಗೇ ಮುಗಿಸಿದೆ. ಕ್ಷಮೆ ಕೇಳಲಿಲ್ಲ, ಹೆಸರು ಮಾತ್ರ ಹೇಳಿಕೊಂಡೆ. ನಿನ್ನ ಸಿಟ್ಟು ನನ್ನನ್ನು ತಿದ್ದಿತು ಎಂದು ಬರೆಯಲು ನನಗೆ ನಾಚಿಕೆಯಿಲ್ಲ.

ಇನ್ನು ನನ್ನ ಪ್ರಶ್ನೆ. ಯಾವುದೆಂದು ನಿನಗೆ ಗೊತ್ತೇ ಇದೆ. ಮಾರ್ಚ್ 24, ಶನಿವಾರ. ನೀನು ಬೇಡ ಅಂದರೆ ದೀಕ್ಷೆ ನಿಲ್ಲುತ್ತದೆ, ನಾನು ಹೀಗೇ ಮಗ್ಗದಲ್ಲಿ ಇರುತ್ತೇನೆ, ದೂರುವುದಿಲ್ಲ. ಅಮ್ಮಾ, ಒಪ್ಪುತ್ತೀಯಾ?

ಆ ದಿನ ಹಳೆಯ ಹೆಸರು ಹೋಗಿ ಹೊಸದು ಬರುತ್ತದೆ. ಸಾಮಾನ್ಯವಾಗಿ ಹಿರಿಯಮ್ಮನೇ ಆರಿಸುವುದು. ಈ ಸಲ ನನ್ನನ್ನು ಕೇಳಿದರು, ಹೇಳಿದ್ದೇನೆ. ಮುಂಚೆಯೇ ತಿಳಿಸುವ ಪದ್ಧತಿಯಿಲ್ಲ. ಆದರೆ ಕೇಳಿದಾಗ ನಿನಗೆ ಸಂತೋಷವಾಗುತ್ತದೆ. ಅದಕ್ಕೆಂದೇ ಆರಿಸಿದೆ.

ನಿನ್ನ
ಮಿರೇಲಾ

*

ಲುಪಾನಿ
26 ಫೆಬ್ರವರಿ 2012

ಮಗಳೇ,

ನನಗೆ ಒಪ್ಪಿಗೆಯಿಲ್ಲ. ಆದರೂ ಒಪ್ಪಿಗೆ ಕೊಡುತ್ತಿದ್ದೇನೆ.

ಗಂಟು ಕಟ್ಟೋಣ ಅನಿಸಿತು ಎಂದು ನೀನು ಬರೆದ ಸಾಲನ್ನು ಮತ್ತೆ ಮತ್ತೆ ಓದಿದೆ. ಇನ್ನೊಂದು ಸಲ ತಳ್ಳಿದರೆ ಬಿದ್ದೇಬಿಡುತ್ತಾಳೆ ಅನಿಸಿತು. ಎಲ್ಲಿ ತಳ್ಳಬೇಕೆಂದೂ ಗೊತ್ತಿತ್ತು. ಒಂದು ವಾರ ಆ ಕಾಗದವನ್ನು ಮನಸ್ಸಿನಲ್ಲೇ ಬರೆದೆ. ಕೊನೆಗೆ, ಹಾಗೆ ಮಾಡಿದರೆ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತವಳು ನಾನೇ ಆಗುತ್ತೇನೆ ಎಂದು ಬಿಟ್ಟೆ. ಅಕ್ಕ ಬಾಯಿ ಮುಚ್ಚಿಕೊಂಡಿದ್ದನ್ನೂ ನಾನು ಒಪ್ಪಿರಲಿಲ್ಲ. ಅವಳ ಬಾಯಿ ಅವಳದಾಗಿತ್ತು. ಈ ಕತ್ತರಿ ನಿನ್ನದು.

ನಿನ್ನ ದೇವರನ್ನು ನಾನು ನಂಬುವುದಿಲ್ಲ, ಇನ್ನು ಮುಂದೆಯೂ ಇಲ್ಲ. ಆದರೆ ಈ ಐದು ತಿಂಗಳಲ್ಲಿ ನನ್ನ ಮಗಳ ಪರಿಚಯವಾಯಿತು. ಮನೆಯಲ್ಲಿದ್ದ ಇಪ್ಪತ್ತೈದು ವರ್ಷದಲ್ಲಿ ಆಗಿರಲಿಲ್ಲ. ಅಲ್ಲಿ ಇರುವಷ್ಟು ದಿನ ಹೀಗೇ ಬರೆಯುತ್ತಿರು, ನಾನು ಕೇಳುತ್ತಿರುತ್ತೇನೆ. ಅಷ್ಟಿದ್ದರೆ ನಿನ್ನನ್ನು ಕಳೆದುಕೊಂಡ ಹಾಗಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ಬರುತ್ತೇನೆ. ಅಗ್ಲಾಯಾ ಕೂಡ ಬರುತ್ತಾಳಂತೆ, "ನಾಸ್ತಿಕರನ್ನ ಒಬ್ರನ್ನೇ ಇಗರ್ಜಿಗೆ ಕಳಿಸ್ಬಾರ್ದು" ಅನ್ನುತ್ತಾಳೆ. ಉಪವಾಸದ ಕಾಲವಾದ್ದರಿಂದ ಅಕ್ರೋಟು, ಪ್ಲಮ್ ಹಣ್ಣಿನ ಪಾಕ, ಉಣ್ಣೆಯ ಕಾಲುಚೀಲ ತರುತ್ತೇನೆ. ನಿನ್ನ ಮಂಡಿಗೆ ಮುಲಾಮು ಕೂಡ. ಅಲ್ಲಿ ಎಷ್ಟು ಹೊತ್ತು ನಿಲ್ಲಬೇಕು? ನನಗೆ ಕೂರಲು ಒಂದು ಮಣೆಯಾದರೂ ಕೊಡುತ್ತಾರೋ ಕೇಳಿ ಬರೆ.

ನಿನ್ನ ಅಮ್ಮ

*

ಲುಪಾನಿ
28 ಮಾರ್ಚ್ 2012

ಲಕೋಟೆಯ ಮೇಲೆ ಏನು ಬರೆಯಬೇಕೆಂದು ಗೊತ್ತಾಗದೆ ಹಿರಿಯಮ್ಮ ಪೆಲಾಗಿಯಾ ಎಂದು ಬರೆದು ಕಳಿಸುತ್ತಿದ್ದೇನೆ. ಅವರು ನಿನಗೆ ಕೊಡುತ್ತಾರೆ.

ನಾನು ಯಾಕೆ ಹಾಗೆ ಹೊರಟುಬಂದೆ ಎಂದು ನಿನಗೆ ತಿಳಿಯಲಿ. ನೀನು ಬಿಳಿ ಅಂಗಿಯಲ್ಲಿ, ಬರಿಗಾಲಲ್ಲಿ, ನೆಲದ ಮೇಲೆ ತೆವಳಿಕೊಂಡು ಬಂದೆ. ಅದನ್ನು ನೋಡಿ ನಾನು ತಡೆದುಕೊಂಡೆ. ಗುರುಗಳು ಕತ್ತರಿ ಬಿಟ್ಟರು, ನೀನು ಎತ್ತಿದೆ. ಮೂರನೆಯ ಸಲ ನೀನು ಎತ್ತುವ ಮುಂಚೆ ಸ್ವಲ್ಪ ತಡೆದೆ, ನನ್ನ ಕಡೆ ನೋಡಿದೆ. ಎತ್ತು ಎಂದು ನಾನೇ ತಲೆಯಾಡಿಸಿದೆ. ನೀನು ನೋಡಿದ್ದೀಯ. ಆ ಗಳಿಗೆಯಲ್ಲಿ ನನ್ನೊಳಗೆ ಯಾವ ತಕರಾರೂ ಇರಲಿಲ್ಲ, ಹೆಮ್ಮೆಯೇ ಇತ್ತು.

ಕೂದಲು ಕತ್ತರಿಸುವಾಗ ಅವರು ಹೊಸ ಹೆಸರು ಹೇಳಿದರಂತೆ. ಹಾಡು ಜೋರಾಗಿತ್ತು, ನನಗೆ ಕೇಳಿಸಲಿಲ್ಲ. ಆಮೇಲೆ ನೀನು ಕರಿ ಬಟ್ಟೆಯಲ್ಲಿ ಮೇಣದ ಬತ್ತಿ ಹಿಡಿದು ನಿಂತೆ. ಎಲ್ಲರೂ ಸಾಲಾಗಿ ಬಂದು ನಿನ್ನ ಮುಂದೆ ನಿಂತು ಹೆಸರು ಕೇಳಬೇಕಂತೆ, ಅದು ನಿಮ್ಮ ಪದ್ಧತಿ. ಅಗ್ಲಾಯಾ ನನ್ನನ್ನು ಮುಂದೆ ತಳ್ಳಿದಳು, "ಹೋಗಿ, ಇದೂ ಒಂದು ಪ್ರಶ್ನೆನೇ ಅಲ್ವಾ, ನೀವೇ ಕೇಳಿ" ಅಂದಳು. ನಾನು ನಗುತ್ತಲೇ ಬಂದೆ. "ನಿನ್ನ ಹೆಸರೇನು ತಾಯಿ?" ಎಂದು ಕೇಳಿದೆ.

"ಪಾಪಿ ಮಿನೊದೋರಾ" ಅಂದೆ ನೀನು. ಕಣ್ಣು ಹೊಳೆಯುತ್ತಿತ್ತು. ಉಡುಗೊರೆ ಕೊಟ್ಟವಳ ಮುಖ.

ಅಕ್ಕ ಸಾಯುವವರೆಗೂ ತನ್ನ ಬಾಯಿಂದ ಒಂದು ಹೆಸರು ಹೊರಗೆ ಬಿಡಲಿಲ್ಲ. ಈಗ ಅವಳ ಹೆಸರನ್ನು ಯಾರು ಯಾರೋ ಬಾಯಲ್ಲಿಟ್ಟುಕೊಂಡಿದ್ದಾರೆ. ಹರಿತೋನ್ ಓದಿಸುತ್ತಾನೆ. ಪಾದ್ರಿ ಓದುತ್ತಾನೆ. ನೀನು ಪಾಪಿ ಎಂದು ಮುಂದೆ ಸೇರಿಸಿಕೊಂಡು, ಸಾಲಿನಲ್ಲಿ ನಿಂತ ಪ್ರತಿಯೊಬ್ಬ ದಾರಿಹೋಕನಿಗೂ ಹೇಳಿದೆ. ಆಮೇಲೆ ಬಂದವರೆಲ್ಲ ಕೇಳುತ್ತಲೇ ಇದ್ದರು, ನೀನು ಹೇಳುತ್ತಲೇ ಇದ್ದೆ. ನಾನು ಅಂಗಳಕ್ಕೆ ಹೋಗುವವರೆಗೂ ಕೇಳಿಸುತ್ತಿತ್ತು.

ನೀನು ಏನೇನೆಲ್ಲ ಕೇಳಿದೆ ನನ್ನನ್ನು. ಯಾವುದನ್ನು ಬಿಟ್ಟುಕೊಡುವುದಿಲ್ಲ ಎಂದು ಕೇಳಿದೆ, ನಾನು ಹೇಳಿದೆ. ಅದನ್ನು ತೆಗೆದುಕೊಳ್ಳಲೇ ಎಂದು ಮಾತ್ರ ಕೇಳಲಿಲ್ಲ.

ಅಮ್ಮ

*

ಪಿಯಾತ್ರಾ ಮಠ
5 ಏಪ್ರಿಲ್ 2012

ಅಮ್ಮಾ,

ಪಾಪಿ ಅನ್ನುವುದು ನನ್ನ ಬಗ್ಗೆ, ದೊಡ್ಡಮ್ಮನ ಬಗ್ಗೆ ಅಲ್ಲ. ಇಲ್ಲಿ ಎಲ್ಲರೂ ಹಾಗೇ ಹೇಳುತ್ತೇವೆ, ಹಿರಿಯಮ್ಮನೂ. ನನಗೆ ಅದು ಎಷ್ಟು ರೂಢಿಯಾಗಿದೆ ಎಂದರೆ ನಿನ್ನ ಕಿವಿಗೆ ಹೇಗೆ ಬೀಳುತ್ತದೆ ಎಂದು ಹೊಳೆಯಲೇ ಇಲ್ಲ. ನಿನ್ನ ಮುಖ ಬಿಳುಚಿಕೊಂಡಾಗ ಸಂತೋಷಕ್ಕೆ ಹಾಗಾಯಿತು ಎಂದುಕೊಂಡೆ. ನೀನು ಬಾಗಿಲು ದಾಟಿದ ಮೇಲೆಯೂ ಸಾಲು ಬರುತ್ತಿತ್ತು, ನಾನು ಬಿಟ್ಟು ಓಡಿ ಬರುವ ಹಾಗಿರಲಿಲ್ಲ.

ಅವಳಿಗೆ ಮಕ್ಕಳಿಲ್ಲ. ಅವಳ ಹೆಸರು ಹಿಡಿದು ಕರೆಯುವವರು ನೀನೊಬ್ಬಳೇ ಉಳಿದಿದ್ದೆ, ಅದೂ ಮನಸ್ಸಿನಲ್ಲೇ. ಇನ್ನು ಪ್ರತಿದಿನ ಬೆಳಿಗ್ಗೆ ಯಾರಾದರೂ ಮಿನೊದೋರಾ ಎಂದು ಕರೆಯುತ್ತಾರೆ, ನಾನು ಓಗೊಡುತ್ತೇನೆ, ಅವಳು ಉಳಿಯುತ್ತಾಳೆ ಎಂದುಕೊಂಡೆ. ನಿನ್ನ ಅಕ್ಕನನ್ನು ನಿನಗೆ ವಾಪಸು ಕೊಡುತ್ತಿದ್ದೇನೆ ಎಂದುಕೊಂಡೆ. ಕೇಳಬೇಕಿತ್ತು. ಕೇಳಿದ್ದರೆ ಬೇಡ ಅನ್ನುತ್ತಿದ್ದೆಯಾ? ಗೊತ್ತಿಲ್ಲ. ಇದನ್ನು ಈಗ ಬದಲಿಸಲು ಬರುವುದಿಲ್ಲ ಅಮ್ಮ. ಒಮ್ಮೆ ಬಂದ ಹೆಸರು ಸಮಾಧಿಯವರೆಗೂ ಇರುತ್ತದೆ.

ಮುಲಾಮು ಹಚ್ಚಿಕೊಳ್ಳುತ್ತಿದ್ದೇನೆ. ಪಾಕವನ್ನು ಎಲ್ಲರಿಗೂ ಹಂಚಿದೆ.

ಈ ಸಲ ಪ್ರಶ್ನೆ ಕೇಳುವ ಸರದಿ ನಿನ್ನದು. ಬೈದಾದರೂ ಕೇಳು.

ನಿನ್ನ ಮಗಳು
ಮಿನೊದೋರಾ

*

ಲುಪಾನಿ
3 ಜೂನ್ 2012

ನಿನ್ನ ಕಾಗದ ಬಂದು ಎರಡು ತಿಂಗಳಾಗುತ್ತಾ ಬಂತು. ಏನು ಕೇಳಬೇಕೆಂದು ಯೋಚಿಸುತ್ತಲೇ ಇದ್ದೆ. ಕೇಳುವುದು ಏನೂ ಉಳಿದಿಲ್ಲ. ನೀನು ಯಾಕೆ ಹೋದೆ, ಯಾಕೆ ಬಗ್ಗಿದೆ, ಯಾಕೆ ಆ ಹೆಸರೇ ಆರಿಸಿದೆ, ಎಲ್ಲ ಅರ್ಥವಾಗಿದೆ. ಪ್ರೀತಿಯಿಂದಲೇ ಮಾಡಿದೆ ಎನ್ನುವುದರಲ್ಲೂ ನನಗೆ ಅನುಮಾನವಿಲ್ಲ. ಅರ್ಥವಾಗದೆ ಇದ್ದಾಗ ಗೇಟಿನಲ್ಲಿ ನಿಂತು ಕೂಗಬಹುದಿತ್ತು. ಈಗ ಅದಕ್ಕೂ ಬಾಯಿಲ್ಲ. ಒಬ್ಬರನ್ನೊಬ್ಬರು ಅರಿತರೆ ಹತ್ತಿರವಾಗುತ್ತೇವೆ ಎಂದುಕೊಂಡಿದ್ದೆ. ನಮ್ಮ ನಡುವೆ ಎಷ್ಟು ದೂರವಿದೆ ಎಂದು ಸರಿಯಾಗಿ ಗೊತ್ತಾಯಿತು, ಅಷ್ಟೇ.

ನಿನ್ನೆ ಸತ್ತವರ ಶನಿವಾರ. ಎಲ್ಲ ಮನೆಗಳಲ್ಲಿ ತೀರಿಕೊಂಡವರ ಹೆಸರಿನಲ್ಲಿ ಮಣ್ಣಿನ ಬಟ್ಟಲು ಹಂಚಿದರು. ನಾನೂ ಪ್ರತಿವರ್ಷದ ಹಾಗೆ ಬಟ್ಟಲಿನಲ್ಲಿ ಜೇನು ಹಾಕಿದ ಗೋಧಿ ಪಾಯಸ, ಮೇಲೊಂದು ಚೆರಿ ಕೊಂಬೆ ಇಟ್ಟು ಅಗ್ಲಾಯಾಳಿಗೆ ಕೊಟ್ಟೆ. ನಂಬಿಕೆಯಿಂದಲ್ಲ, ಅಕ್ಕನಿಗೆ ಸಿಹಿ ಇಷ್ಟವಿತ್ತು ಎಂದು. ಯಾವ ವರ್ಷವೂ ಬಾಯಿಬಿಟ್ಟು ಹೆಸರು ಹೇಳಿರಲಿಲ್ಲ, ಈ ಸಲ "ಇದು ಮಿನೊದೋರಾಳ ಹೆಸರಲ್ಲಿ" ಅಂದೆ.

ಅಗ್ಲಾಯಾ ಬಟ್ಟಲಿಗೆ ಕೈ ಚಾಚಿದವಳು ತೆಗೆದುಕೊಳ್ಳಲು ಹಿಂಜರಿದಳು. "ಯಾವ ಮಿನೊದೋರಾ ಡಾಕ್ಟರಮ್ಮ? ಅವಳು ಬದುಕಿದ್ದಾಳೆ, ಅಪಶಕುನ ಮಾಡ್ಬೇಡಿ."

"ನನಗೆ ಇರೋದು ಒಬ್ಳೇ ಮಿನೊದೋರಾ" ಅಂದೆ.

ಅವಳು ಬಟ್ಟಲು ತೆಗೆದುಕೊಂಡು ಒಳಗೆ ಹೋದಳು. ನಿನ್ನ ಮಂಡಿ ವಾಸಿಯಾಗಿರಬಹುದು. ಇನ್ನು ಕಾಗದ ಬರೆಯಬೇಡ.

ಒತೀಲಿಯಾ
ಮಿನೊದೋರಾಳ ತಂಗಿ